ಕಂಠದ ಕರಾರು

ರಾಕ್ ಸಂಗೀತದ ವ್ಯಾಪಾರದಲ್ಲಿ ಹೆಂಗಸರಿಗಾಗುವ ಕಿರುಕುಳದ ಮಾತು ಎದ್ದಾಗಲೆಲ್ಲ, ಓದುಬರೆಹ ಬಲ್ಲ ಮನೆಗಳಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಮೊದಲನೆಯದು, “ಅಂಥ ಜಾಗಕ್ಕೆ ಹೋದವರು ತಿಳಿದೇ ಹೋದರು, ಹಣ ಬೇಕು, ಹೆಸರು ಬೇಕು, ಕೆಸರು ಮಾತ್ರ ಬೇಡವೆಂದರೆ ಹೇಗೆ?” ಎಂಬುದು. ಎರಡನೆಯದು ಇದಕ್ಕಿಂತ ಸ್ವಲ್ಪ ನಯವಾದುದು: “ಸಹಿ ಹಾಕಿದ ಮೇಲೆ ಸಹಿಗೆ ಕಟ್ಟುಬೀಳಬೇಕು, ಕರಾರು ಬೇಡವಾದಾಗ ಮಾನಭಂಗದ ದೂರು ಹೂಡುವುದು ವಕೀಲರ ಉಪಾಯ.” ಮೊದಲನೆಯದಕ್ಕೆ ಪ್ರತ್ಯುತ್ತರ ಕೊಡುವುದು ಕಾಲಹರಣ. ಹೊಳೆಗೆ ನೀರಿಗೆ ಹೋದ ಹುಡುಗಿಯನ್ನು ಕುರಿತೂ ಅದೇ ಮಾತನ್ನಾಡುವ ಜನರಿದ್ದಾರೆ. ಎರಡನೆಯದು ವಿಚಾರಕ್ಕೆ ಅರ್ಹವಾದುದು. ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಸತ್ಯವನ್ನು ಪೂರ್ತಿಯಾಗಿ ಬಿಡಿಸಿ ನೋಡಿದರೆ ಅದು ಹೇಳಿದವರ ಮೇಲೆಯೇ ತಿರುಗಿಬೀಳುತ್ತದೆ.

ದೂರು ಉಪಾಯದಂತೆ ಕಾಣುತ್ತದೆಂಬುದು ನಿಜ. ಆದರೆ ಅದನ್ನು ಹಾಗೆ ಕಾಣಿಸಿದುದು ದೂರು ಕೊಟ್ಟವಳ ನಾಲಗೆಯಲ್ಲ, ಕರಾರಿನ ಕಾಗದ. ಒಬ್ಬಳ ದನಿಯನ್ನು ಹತ್ತಾರು ವರ್ಷಗಳ ಕಾಲ ಒಬ್ಬನೇ ಯಜಮಾನನಿಗೆ ಕಟ್ಟಿಹಾಕಿದ ಮೇಲೆ, ಆ ಯಜಮಾನನನ್ನು ಕುರಿತು ಅವಳಾಡುವ ಯಾವ ಮಾತಾದರೂ ಕಟ್ಟು ಬಿಚ್ಚಿಕೊಳ್ಳುವ ಹಂಚಿಕೆಯಾಗಿಯೇ ಕೇಳಿಸುತ್ತದೆ. ಸುಮ್ಮನಿದ್ದರೆ ಒಪ್ಪಿದ್ದಳೆನ್ನುತ್ತಾರೆ, ಬಾಯಿಬಿಟ್ಟರೆ ಲಾಭಕ್ಕಾಗಿ ಬಿಟ್ಟಳೆನ್ನುತ್ತಾರೆ. ಇಷ್ಟೇ ಅಲ್ಲ, ಆರೋಪವು ಸುಳ್ಳಾಗಿದ್ದ ಪಕ್ಷದಲ್ಲಿ ಅದೇ ಕರಾರು ಆರೋಪಿತನಿಗೂ ಅನ್ಯಾಯಮಾಡುತ್ತದೆ. ಅವನ ಮಾನದ ಪ್ರಶ್ನೆ ಅವನ ಹಣದ ಪ್ರಶ್ನೆಯೊಡನೆ ಹೆಣೆದುಕೊಂಡು, ಅವನು ಮಾನಕ್ಕಾಗಿ ಹೋರಾಡುತ್ತಿರುವನೋ ಆಲ್ಬಂಗಳಿಗಾಗಿ ಹೋರಾಡುತ್ತಿರುವನೋ ಯಾರಿಗೂ ತಿಳಿಯದಂತಾಗುತ್ತದೆ. ಕಿರುಕುಳದ ದೂರು, ಕರಾರಿನ ವ್ಯಾಜ್ಯ ಎಂದು ಪತ್ರಿಕೆಗಳು ಎರಡು ಹೆಸರಿನಿಂದ ಕರೆಯುವುದು ಒಂದೇ ರೋಗದ ಎರಡು ಲಕ್ಷಣಗಳನ್ನು.

ಇದಕ್ಕೆ ನಿದರ್ಶನವಾಗಿ ಅಮೆರಿಕದ ಹಾಡುಗಾರ್ತಿ ಕೆಶಾ ಎಂಬುವಳ ವ್ಯಾಜ್ಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಈಕೆಯದು ರಾಕ್‌ಗಿಂತ ಹೆಚ್ಚಾಗಿ ಪಾಪ್ ಎನಿಸಿಕೊಳ್ಳುವ ಹಾಡು. ಆದರೆ ಕರಾರಿನ ಕಾಗದಕ್ಕೆ ಆ ಭೇದ ತಿಳಿಯದು, ಎರಡಕ್ಕೂ ಅಚ್ಚು ಒಂದೇ. ಈಕೆ ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ಪಟ್ಟಣದಲ್ಲಿ ಓದುತ್ತಿದ್ದ ಹುಡುಗಿ. ಓದನ್ನು ಬಿಟ್ಟು ಲಾಸ್ ಏಂಜಲೀಸಿಗೆ ಬಂದು, 2005ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಡಾಕ್ಟರ್ ಲ್ಯೂಕ್ ಎಂಬ ವ್ಯಾಪಾರನಾಮದ ಲುಕಾಶ್ ಗಾಟ್‌ವಾಲ್ಡನ ಕಂಪನಿಗೆ ಸಹಿ ಹಾಕಿದಳು. (ಈತ ಯಾವ ಬಗೆಯ ಡಾಕ್ಟರೂ ಅಲ್ಲ, ಹಾಡುಗಳನ್ನು ಕಟ್ಟಿಸಿ ಧ್ವನಿಮುದ್ರಣ ಮಾಡಿಸುವ ನಿರ್ಮಾಪಕ.) 2010ರ ಆರಂಭದಲ್ಲಿ ಅವಳ ಹಾಡೊಂದು ಅಮೆರಿಕದಲ್ಲೆಲ್ಲ ಮೊದಲನೆಯ ಸ್ಥಾನದಲ್ಲಿ ನಿಂತಿತು. 2010ರಲ್ಲಿ ಒಂದು, 2012ರಲ್ಲಿ ಇನ್ನೊಂದು, ಹೀಗೆ ಎರಡು ಆಲ್ಬಂಗಳು ಬಂದುವು. 2014ರ ಅಕ್ಟೋಬರ್ ತಿಂಗಳಿನಲ್ಲಿ ಅವಳು ಲಾಸ್ ಏಂಜಲೀಸಿನ ನ್ಯಾಯಾಲಯದಲ್ಲಿ ದಾವೆ ಹೂಡಿ, ಆ ನಿರ್ಮಾಪಕನು ಹಿಂದೆ ತನಗೆ ಮತ್ತಿನ ಪದಾರ್ಥ ಕೊಟ್ಟು ಬಲಾತ್ಕಾರ ಮಾಡಿದನೆಂದೂ, ವರ್ಷಗಟ್ಟಲೆ ಮಾತಿನಿಂದ ಹಿಂಸಿಸಿದನೆಂದೂ, ಆದಕಾರಣ ಕರಾರಿನಿಂದ ತನ್ನನ್ನು ಬಿಡಿಸಬೇಕೆಂದೂ ಕೇಳಿದಳು. ಅವನು ಎಲ್ಲವನ್ನೂ ಅಲ್ಲಗಳೆದು, ಅದೇ ದಿನ ನ್ಯೂಯಾರ್ಕಿನಲ್ಲಿ ಮಾನನಷ್ಟಕ್ಕೂ ಕರಾರಿನ ಭಂಗಕ್ಕೂ ಸೇರಿಸಿ ಪ್ರತಿದಾವೆ ಹೂಡಿದನು. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಯಾವುದೂ ನಡೆಯಲಿಲ್ಲ. 2011ರಲ್ಲಿ ಬೇರೊಂದು ವ್ಯಾಜ್ಯದಲ್ಲಿ ಅವಳೇ ಪ್ರಮಾಣಪೂರ್ವಕವಾಗಿ ಅಂಥದೇನೂ ನಡೆಯಲಿಲ್ಲವೆಂದು ಹೇಳಿದ್ದಳು. ಇದನ್ನು ಅವನ ವಕೀಲರು ಮತ್ತೆ ಮತ್ತೆ ಎತ್ತಿ ತೋರಿಸಿದರು. ಬೆದರಿಕೆಯ ಕಾರಣದಿಂದ ಹಾಗೆ ಹೇಳಬೇಕಾಯಿತೆಂದು ಅವಳ ವಕೀಲರು ಉತ್ತರಕೊಟ್ಟರು.

ಇಲ್ಲಿಂದ ಮುಂದೆ ನಡೆದುದನ್ನು ಓದುಗರು ಕ್ರಮವಾಗಿ ಗಮನಿಸಬೇಕು. ವ್ಯಾಜ್ಯವೇನಾದರೂ ಹುಟ್ಟಿದರೆ ನ್ಯೂಯಾರ್ಕಿನಲ್ಲಿಯೇ ವಿಚಾರಣೆಯಾಗತಕ್ಕದ್ದೆಂದು ಕರಾರಿನಲ್ಲಿ ಬರೆದಿತ್ತು. ಆದುದರಿಂದ ಕ್ಯಾಲಿಫೋರ್ನಿಯದ ದಾವೆಯನ್ನು 2015ರಲ್ಲಿ ತಡೆದು ನಿಲ್ಲಿಸಲಾಯಿತು. ಅಂದರೆ ಬಲಾತ್ಕಾರದ ದೂರನ್ನು ಯಾವ ಊರಿನಲ್ಲಿ ಕೇಳಬೇಕೆಂಬುದನ್ನು, ದೂರಿಗೆ ಒಳಗಾದವನ ಕಂಪನಿಯೇ ಅವಳ 18ನೆಯ ವಯಸ್ಸಿನಲ್ಲಿ ಬರೆಸಿಕೊಂಡ ಕಾಗದವು ನಿರ್ಣಯಿಸಿತು. 2016ರ ಫೆಬ್ರವರಿ 19ರಂದು, ವಿಚಾರಣೆ ಮುಗಿಯುವವರೆಗಾದರೂ ಬೇರೆ ಕಡೆ ಹಾಡಲು ಅಪ್ಪಣೆ ಬೇಕೆಂಬ ಅವಳ ಪ್ರಾರ್ಥನೆಯನ್ನು ನ್ಯೂಯಾರ್ಕಿನ ನ್ಯಾಯಾಧೀಶೆ ಶರ್ಲಿ ಕಾರ್ನ್‌ರೀಚ್ ಅವರು ತಳ್ಳಿಹಾಕಿದರು. ವ್ಯಾಪಾರದ ದೃಷ್ಟಿಯಿಂದ ಯಾವುದು ಸಮಂಜಸವೋ ಅದನ್ನು ಮಾಡುವ ಕಡೆಗೇ ತಮ್ಮ ಮನಸ್ಸು ಎಳೆಯುತ್ತದೆಂಬ ಅರ್ಥದ ಮಾತನ್ನೂ ಅವರು ಆಡಿದರು. ಅವಳು ಕುಳಿತಲ್ಲಿಯೇ ಅತ್ತಳು. ಅಭಿಮಾನಿಗಳು ಹೊರಗೆ ಬೀದಿಯಲ್ಲಿ ಕೂಗಿದರು. ಏಪ್ರಿಲ್‌ನಲ್ಲಿ ಅವಳ ಪ್ರತಿವಾದಗಳನ್ನು, ಕಾಲಮಿತಿ ಕಳೆದಿದೆಯೆಂದೂ ಘಟನೆ ನಡೆದುದೆನ್ನಲಾದ ಸ್ಥಳ ನ್ಯೂಯಾರ್ಕಿನ ಹೊರಗಿನದೆಂದೂ ಇನ್ನಿತರ ಕಾರಣಗಳಿಂದಲೂ ವಜಾ ಮಾಡಲಾಯಿತು. ಆಗಸ್ಟಿನಲ್ಲಿ ಅವಳು ಕ್ಯಾಲಿಫೋರ್ನಿಯದ ದಾವೆಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡು ಅದೇ ಕಂಪನಿಗೆ ಹಾಡಲು ಕುಳಿತಳು. 2020ರಲ್ಲಿ, ಇನ್ನೊಬ್ಬ ಹಾಡುಗಾರ್ತಿಗೆ ಕಳುಹಿಸಿದ ಖಾಸಗಿ ಸಂದೇಶವೊಂದರಿಂದ ಆ ನಿರ್ಮಾಪಕನ ಮಾನಹಾನಿ ಮಾಡಿದಳೆಂದು ತೀರ್ಪಾಯಿತು. ರಾಯಲ್ಟಿಯನ್ನು ತಡವಾಗಿ ಸಲ್ಲಿಸಿದುದಕ್ಕಾಗಿ 3,74,000 ಡಾಲರುಗಳಷ್ಟು ಬಡ್ಡಿಯನ್ನೂ ಅವಳ ಮೇಲೆ ಹೊರಿಸಿದರು. 2023ರ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯವು, ಆತನು ಈ ವಿಷಯದ ಮಟ್ಟಿಗೆ ಸಾರ್ವಜನಿಕ ವ್ಯಕ್ತಿಯೇ ಆದುದರಿಂದ ಅವಳಲ್ಲಿ ದುರುದ್ದೇಶವಿತ್ತೆಂಬುದನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಕೆಲವೇ ದಿನಗಳಲ್ಲಿ ಉಭಯ ಪಕ್ಷದವರೂ ರಾಜಿಯಾದರು. ಆ ರಾತ್ರಿ ನಡೆದುದನ್ನು ದೇವರೊಬ್ಬನೇ ಬಲ್ಲನೆಂದು ಅವಳೂ, ಏನೂ ನಡೆಯಲಿಲ್ಲವೆಂಬುದರಲ್ಲಿ ತನಗೆ ಸಂಶಯವಿಲ್ಲವೆಂದು ಅವನೂ ಹೇಳಿಕೆಯನ್ನು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕರಾರು ತೀರಿತು. ಸಹಿ ಹಾಕಿದಾಗ 18 ವರ್ಷದವಳು, ಬಿಡುಗಡೆಯಾದಾಗ 36 ವರ್ಷದವಳು.

ಈ ಒಂಬತ್ತು ವರ್ಷಗಳ ವ್ಯವಹಾರದಲ್ಲಿ ಯಾರು ಸತ್ಯ ಹೇಳಿದರೆಂಬುದನ್ನು ಹೊರಗಿನವರು ನಿರ್ಣಯಿಸಲಾಗದು. ನಿರ್ಣಯಿಸಿದವರಂತೆ ಎರಡು ಪಕ್ಷ ಕಟ್ಟಿಕೊಂಡು ಬೈದಾಡಿದವರ ಸಂಖ್ಯೆಯೇನೋ ದೊಡ್ಡದು. ಆದರೆ ಒಂದು ಸಂಗತಿ ಕಾಗದಪತ್ರಗಳಿಂದಲೇ ಸಿದ್ಧವಾಗಿದೆ. ಯಾವ ನ್ಯಾಯಾಲಯವೂ, ಯಾವ ದಿನವೂ, ಆ ಘಟನೆ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ಕೈಗೆ ತೆಗೆದುಕೊಂಡು ಸಾಕ್ಷಿ ಕೇಳಿ ತೀರ್ಮಾನಿಸಲಿಲ್ಲ. ಯಾವ ಊರು, ಯಾವ ಕಾಲಮಿತಿ, ಎಷ್ಟು ಆಲ್ಬಂ ಬಾಕಿ, ಎಷ್ಟು ಬಡ್ಡಿ ಎಂಬಿವುಗಳೇ ಚರ್ಚೆಗೆ ಬಂದುವು. ಹೆಣ್ಣಿನ ದೂರು ಹೋಗಿ ನಿಂತುದು ಲೆಕ್ಕದ ಪುಸ್ತಕದ ಅಂಚಿನಲ್ಲಿ.

ಸೋನಿ ಕಂಪನಿಯವರು ಹೇಳಿದ ಮಾತೂ ವಿಚಾರಕ್ಕೆ ಯೋಗ್ಯವಾದುದು. “ಆ ನಿರ್ಮಾಪಕನ ಮುಖ ನೋಡಬೇಕಾಗಿಲ್ಲ, ಬೇರೆ ನಿರ್ಮಾಪಕರೊಡನೆ ಹಾಡಲಿ, ನಮ್ಮ ಅಡ್ಡಿಯಿಲ್ಲ” ಎಂಬುದು ಅವರ ಸಮಾಧಾನದ ತಾತ್ಪರ್ಯ. ಮುಖ ನೋಡಬೇಕಾಗಿಲ್ಲ, ಸರಿ. ಆದರೆ ಹಾಡಿದ ಪ್ರತಿಯೊಂದು ಹಾಡೂ ಆತನು ಸ್ಥಾಪಿಸಿದ ಕಂಪನಿಯ ಮುದ್ರೆಯನ್ನು ಹೊತ್ತೇ ಹೊರಗೆ ಬರತಕ್ಕದ್ದು. ಅತ್ತೆಯ ಮನೆಯಲ್ಲಿ ಹೊಡೆತ ತಿಂದೆನೆಂದು ಹೇಳಿದ ಸೊಸೆಗೆ ಊರ ಹಿರಿಯರು, “ಬೇರೆ ಒಲೆ ಹೂಡಿಕೋ, ಗಂಟು ಮಾತ್ರ ಅತ್ತೆಯ ಪೆಟ್ಟಿಗೆಯಲ್ಲಿಯೇ ಇರಲಿ” ಎಂದು ಪಂಚಾಯತಿ ಮುಗಿಸಿದಂತಾಯಿತು.

ಈ ಕರಾರುಗಳು ನಡೆಯುವ ಬಗೆ ಹೇಗೆಂಬುದು ತಿಳಿಯದೆ ಹೋದರೆ, “ಏಳೆಂಟು ವರ್ಷದ ಕೆಲಸಕ್ಕೆ ಒಪ್ಪಿದ್ದಾಳೆ, ಅದರಲ್ಲೇನಿದೆ” ಎಂದೇ ತೋರುತ್ತದೆ. ಕೆಲಸವನ್ನು ವರ್ಷಗಳಿಂದ ಅಳೆಯುವುದಿಲ್ಲವೆಂಬುದೇ ಇಲ್ಲಿನ ಚಮತ್ಕಾರ. ಅಳತೆ ಆಲ್ಬಂಗಳಿಂದ. ಮೊದಲನೆಯ ಆಲ್ಬಂ ಖಚಿತ. ಆಮೇಲಿನ ನಾಲ್ಕೋ ಐದೋ ಒಂದೊಂದನ್ನೂ ಬೇಕು ಎನ್ನುವ, ಬೇಡವೆನ್ನುವ ಅಧಿಕಾರ ಕಂಪನಿಯದು. ಹಾಡುವವರಿಗೆ ಆ ಅಧಿಕಾರವಿಲ್ಲ. ಒಪ್ಪಿಸಿದ ಧ್ವನಿಮುದ್ರಣ ಮಾರಾಟಕ್ಕೆ ಯೋಗ್ಯವಲ್ಲವೆಂದು ಕಂಪನಿ ಹೇಳಿದರೆ ಅದು ಒಪ್ಪಿಸಿದಂತೆಯೇ ಅಲ್ಲ, ಮತ್ತೆ ಹಾಡಬೇಕು. ಹೀಗಾಗಿ ಐದಾರು ಆಲ್ಬಂ ಎಂದು ಬರೆದದ್ದು ಐದಾರು ವರ್ಷವಲ್ಲ, ಒಂದು ಯೌವನ. ಮುಂದೆ ಹಣದ ವಿಚಾರ. ಮುಂಗಡವೆಂದು ಕೊಡುವ ಹಣ ಉಡುಗೊರೆಯಲ್ಲ. ಧ್ವನಿಮುದ್ರಣದ ಖರ್ಚು, ಚಿತ್ರೀಕರಣದ ಖರ್ಚು, ಪ್ರವಾಸದ ಖರ್ಚು ಅದರ ಮೇಲೆ ಬೀಳುತ್ತವೆ, ಮತ್ತು ಅದೆಲ್ಲವೂ ಹಾಡುಗಾರರ ಪಾಲಿನ ರಾಯಲ್ಟಿಯಿಂದಲೇ ಮುರಿದುಕೊಳ್ಳಲ್ಪಡುತ್ತದೆ. ಅದು ತೀರುವ ತನಕ ಅವರಿಗೆ ಒಂದು ಬಿಡಿಕಾಸೂ ರಾಯಲ್ಟಿಯಿಲ್ಲ. ಪೂರ್ತಿ ತೀರಿದ ಮೇಲೂ ಧ್ವನಿಮುದ್ರಣದ ಒಡೆತನ ಸಾಮಾನ್ಯವಾಗಿ ಕಂಪನಿಯದೇ. ಮನೆಯ ಸಾಲವನ್ನೆಲ್ಲ ತೀರಿಸಿದ ಮೇಲೂ ಮನೆ ಸಾಹುಕಾರನದಾಗಿಯೇ ಉಳಿಯುವ ಈ ಬಗೆಯ ಅಡಮಾನವನ್ನು ಕನ್ನಡನಾಡಿನ ಯಾವ ಲೇವಾದೇವಿಗಾರನೂ ಬಹಿರಂಗವಾಗಿ ಬರೆದುಕೊಡಲು ಧೈರ್ಯಮಾಡಲಾರನು.

ಸ್ಟೀವ್ ಆಲ್ಬೀನಿ ಎಂಬ ರಾಕ್ ಸಂಗೀತಗಾರನು 1993ರಲ್ಲಿ ಬರೆದ ಲೇಖನವೊಂದರಲ್ಲಿ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿದನು. ನಾಲ್ವರಿರುವ ಒಂದು ಮೇಳ. ಎರಡೂವರೆ ಲಕ್ಷ ಪ್ರತಿ ಮಾರಾಟ. ಅವನ ಲೆಕ್ಕದ ಕೊನೆಯಲ್ಲಿ ಕಂಪನಿಗೆ ಉಳಿಯುವುದು 7,10,000 ಡಾಲರು, ನಿರ್ಮಾಪಕನಿಗೆ 90,000, ಮೇಳದ ಒಬ್ಬೊಬ್ಬನಿಗೆ 4,031 ಡಾಲರು, ಮೇಲೆ 25 ಸೆಂಟು. ಲೆಕ್ಕ ಕಲ್ಪಿತವಾದರೂ ಬಾಬುಗಳು ಕಲ್ಪಿತವಲ್ಲ. ಥರ್ಟಿ ಸೆಕೆಂಡ್ಸ್ ಟು ಮಾರ್ಸ್ ಎಂಬ ರಾಕ್ ಮೇಳವು ಲಕ್ಷಾಂತರ ಪ್ರತಿಗಳು ಮಾರಾಟವಾದ ಮೇಲೂ ತಾವು ಕಂಪನಿಗೆ ಸಾಲಗಾರರಾಗಿಯೇ ಇದ್ದೇವೆಂದು ಹೇಳಿ, ಕಾನೂನಿನ ಏಳು ವರ್ಷದ ಮಿತಿಯನ್ನು ಮುಂದುಮಾಡಿ ಹೊರಟು ನಿಂತಾಗ, ಕಂಪನಿಯು 2008ರಲ್ಲಿ ಅವರ ಮೇಲೆ ಮೂರು ಕೋಟಿ ಡಾಲರುಗಳ ದಾವೆ ಹಾಕಿತು. ಮರುವರ್ಷ ರಾಜಿಯಾಯಿತು, ಮೇಳ ಅದೇ ಕಂಪನಿಗೆ ಹಿಂತಿರುಗಿತು. ಅದಕ್ಕೆ ಮುನ್ನ, 1990ರ ದಶಕದಲ್ಲಿ, ಪ್ರಿನ್ಸ್ ಎಂಬ ಹೆಸರಾಂತ ಹಾಡುಗಾರನು ವಾರ್ನರ್ ಕಂಪನಿಯೊಡನೆ ಜಗಳವಾಡಿ ತನ್ನ ಕೆನ್ನೆಯ ಮೇಲೆ ಗುಲಾಮನೆಂದು ಬರೆದುಕೊಂಡು ತಿರುಗಿದನು. ಕೋಟಿಗಟ್ಟಲೆ ಸಂಪಾದಿಸುವವನಿಗೆ ಗುಲಾಮಗಿರಿಯೇ ಎಂದು ಲೋಕ ನಕ್ಕಿತು. ನಗುವುದು ಸುಲಭ. ಆದರೆ ಭಾರತದ 1976ರ ಜೀತಪದ್ಧತಿ ನಿರ್ಮೂಲನದ ಕಾನೂನು ಜೀತವೆಂದರೇನೆಂದು ವಿವರಿಸುವಾಗ, ಮುಂಗಡ ಪಡೆದು, ಅದಕ್ಕೆ ಪ್ರತಿಯಾಗಿ ಗೊತ್ತಾದ ಅಥವಾ ಗೊತ್ತಿಲ್ಲದ ಅವಧಿಯವರೆಗೆ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದನ್ನೂ ಅದರ ಲಕ್ಷಣಗಳಲ್ಲಿ ಸೇರಿಸಿದೆ. ಲಾಸ್ ಏಂಜಲೀಸಿನ ಹಾಡುಗಾರ್ತಿಯೂ ಕಲ್ಲುಗಣಿಯ ಜೀತದಾಳೂ ಒಂದೇ ಎಂದು ಹೇಳುವುದು ಜೀತದಾಳಿಗೆ ಮಾಡುವ ಅವಮಾನ. ಕಾಗದದ ಆಕಾರ ಮಾತ್ರ ಒಂದೇ.

ಇಂಥ ಕಾಗದವಿರುವಲ್ಲಿ ಕಿರುಕುಳಕ್ಕೆ ಬಲವಂತ ಕೂಡ ಬೇಕಾಗುವುದಿಲ್ಲ. ಹಾಡನ್ನು ಹೊರತರುವುದೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೂ ಒಬ್ಬನ ಇಚ್ಛೆಯಾದಾಗ, ಆ ಒಬ್ಬನಿಗೆ ಇಲ್ಲವೆನ್ನುವುದಕ್ಕೆ ಎಷ್ಟು ಬೆಲೆ ತೆರಬೇಕಾದೀತೆಂದು ಹುಡುಗಿ ತಾನೇ ಲೆಕ್ಕ ಹಾಕಿಕೊಳ್ಳುತ್ತಾಳೆ. ಕ್ಯಾಸಿ ಎಂಬ ಹಾಡುಗಾರ್ತಿ ಇಪ್ಪತ್ತು ತುಂಬುವ ಮೊದಲೇ ಶಾನ್ ಕೋಂಬ್ಸ್ ಎಂಬಾತನ ಕಂಪನಿಯೊಡನೆ ಹತ್ತು ಆಲ್ಬಂಗಳ ಕರಾರು ಮಾಡಿಕೊಂಡಳು. ಹೊರಬಂದುದು ಒಂದು, 2006ರಲ್ಲಿ. 2023ರ ನವೆಂಬರಿನಲ್ಲಿ ಅವಳು ಬಲಾತ್ಕಾರ ಮತ್ತು ಹಿಂಸೆಯ ದಾವೆ ಹೂಡಿದಳು, ಮರುದಿನವೇ ರಾಜಿಯಾಯಿತು. ಆಮೇಲೆ ಸರಕಾರವೇ ಹೂಡಿದ ಮೊಕದ್ದಮೆಯಲ್ಲಿ ಅವಳು ದಿನಗಟ್ಟಲೆ ಸಾಕ್ಷಿ ಹೇಳಿದಳು. 2025ರ ಜುಲೈಯಲ್ಲಿ ಜೂರಿಯವರು ಕೋಂಬ್ಸನನ್ನು ಹೆಚ್ಚು ಭಾರವಾದ ಆರೋಪಗಳಿಂದ ಬಿಟ್ಟು, ವೇಶ್ಯಾವೃತ್ತಿಗಾಗಿ ಜನರನ್ನು ಸಾಗಿಸಿದನೆಂಬ ಎರಡು ಆರೋಪಗಳಲ್ಲಿ ಅಪರಾಧಿಯೆಂದರು. ಅಕ್ಟೋಬರಿನಲ್ಲಿ 50 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಬಾರದೆ ಉಳಿದ ಒಂಬತ್ತು ಆಲ್ಬಂಗಳನ್ನು ಯಾವ ಆರೋಪಪಟ್ಟಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇರಲಿಲ್ಲ. ಕಾಗದದ ಪ್ರಕಾರ ಅದು ಅಪರಾಧವಲ್ಲ.

ಇದು ಹೊಸ ಕಾಲದ ಕೇಡೆಂದು ತಿಳಿಯುವುದು ಬೇಡ. 1975ರಲ್ಲಿ ಕಿಮ್ ಫೌಲಿ ಎಂಬ ನಿರ್ಮಾಪಕನು ಲಾಸ್ ಏಂಜಲೀಸಿನಲ್ಲಿ ರನಅವೇಸ್ ಎಂಬ ರಾಕ್ ಮೇಳವನ್ನು ಕೂಡಿಸಿದನು. ಅದರಲ್ಲಿದ್ದವರೆಲ್ಲ ಹದಿಹರೆಯದ ಹುಡುಗಿಯರು. ಆ ವರ್ಷದ ಕೊನೆಯ ರಾತ್ರಿ ಅವನು ತನ್ನ ಮೇಲೆ ಬಲಾತ್ಕಾರ ಮಾಡಿದನೆಂದು ಮೇಳದ ಬಾಸ್ ವಾದಕಿ ಜಾಕಿ ಫುಕ್ಸ್ ಎಂಬುವರು ಬಹಿರಂಗವಾಗಿ ಹೇಳಿದುದು 2015ರ ಜುಲೈಯಲ್ಲಿ. ಆಗ ಅವರಿಗೆ 16 ವರ್ಷ, ಹೇಳುವಾಗ ಐವತ್ತೈದು. ಅಷ್ಟರಲ್ಲಿ ಫೌಲಿ ಸತ್ತು ಆರು ತಿಂಗಳಾಗಿತ್ತು. ಅವನ ಪಕ್ಷದಿಂದ ಉತ್ತರ ಹೇಳುವವರಿರಲಿಲ್ಲ. ಇಷ್ಟು ತಡವೇಕೆ ಎಂದು ಕೇಳುವವರು ಒಂದು ಸಂಗತಿಯನ್ನು ನೆನಪಿಡಬೇಕು: ಈಕೆ ಮೇಳ ಬಿಟ್ಟ ಮೇಲೆ ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರ ಓದಿ ವಕೀಲೆಯಾದವರು. ಕಾನೂನನ್ನು ಕಲಿತವರಿಗೇ ನಲವತ್ತು ವರ್ಷ ಹಿಡಿಯಿತು.

ಈಗ ಇದೇ ವ್ಯಾಪಾರದ ಇನ್ನೊಂದು ಮುಖ. 2021ರ ಫೆಬ್ರವರಿ 1ರಂದು ಮರ್ಲಿನ್ ಮ್ಯಾನ್‌ಸನ್ ಎಂಬ ರಾಕ್ ಹಾಡುಗಾರನ ಮೇಲೆ ನಟಿ ಇವಾನ್ ರೇಚಲ್ ವುಡ್ ಅವರೂ ಇನ್ನು ಕೆಲವರು ಹೆಂಗಸರೂ ಹಿಂಸೆಯ ಆರೋಪ ಮಾಡಿದರು. ಅವನು ಅಲ್ಲಗಳೆದನು. ಅದೇ ದಿನ ಅವನ ಧ್ವನಿಮುದ್ರಣ ಕಂಪನಿಯು ಅವನ ಆಲ್ಬಂನ ಪ್ರಚಾರವನ್ನು ನಿಲ್ಲಿಸಿ, ಮುಂದೆ ಅವನೊಡನೆ ಕೆಲಸವಿಲ್ಲವೆಂದು ಸಾರಿತು. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಊರಿನ ಪ್ರಶ್ನೆಯಿಲ್ಲ, ಬಡ್ಡಿಯ ಲೆಕ್ಕವಿಲ್ಲ. ಲಾಸ್ ಏಂಜಲೀಸಿನ ಸರಕಾರಿ ವಕೀಲರು, ಕೆಲವು ಆರೋಪಗಳಿಗೆ ಕಾಲಮಿತಿ ಮೀರಿದೆ, ಉಳಿದವುಗಳನ್ನು ಸಂಶಯಾತೀತವಾಗಿ ಸಿದ್ಧಪಡಿಸಲಾಗದು ಎಂದು ಮೊಕದ್ದಮೆ ಹೂಡದಿರಲು ತೀರ್ಮಾನಿಸಿದ್ದು ನಾಲ್ಕು ವರ್ಷಗಳ ತರುವಾಯ, 2025ರ ಜನವರಿಯಲ್ಲಿ. ಆತನನ್ನು ಕೈಬಿಟ್ಟದ್ದು ಸರಿಯೋ ತಪ್ಪೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಆರೋಪದ ಕಾರಣದಿಂದ ಸಂಬಂಧ ಕಡಿದುಕೊಳ್ಳಲು ಕಂಪನಿಗೆ ಒಂದು ದಿನ ಸಾಕಾಯಿತು. ಆರೋಪದ ಕಾರಣದಿಂದ ಸಂಬಂಧ ಕಡಿದುಕೊಳ್ಳಲು ಹಾಡುಗಾರ್ತಿಗೆ ಒಂಬತ್ತು ವರ್ಷ ಸಾಲಲಿಲ್ಲ. “ಸಹಿಗೆ ಕಟ್ಟುಬೀಳಬೇಕು” ಎಂಬ ಧರ್ಮಬೋಧೆಯನ್ನು ಕೇಳಬೇಕಾದ ಕಿವಿಗಳು ಎರಡು ಕಡೆಯೂ ಇವೆ.

ಹಾಡುವವಳ ಕೊರಳಿಗೆ ಕಾನೂನು ಹೀಗೆ ಗಂಟುಬಿದ್ದುದು ಎಂದಿನಿಂದ ಎಂದು ಹುಡುಕಹೊರಟರೆ 1852ರ ಲಂಡನ್ನಿಗೆ ಹೋಗಿ ನಿಲ್ಲಬೇಕಾಗುತ್ತದೆ. ರಿಚರ್ಡ್ ವಾಗ್ನರನ ಅಣ್ಣನ ಮಗಳೆನಿಸಿದ ಯೋಹಾನ್ನ ವಾಗ್ನರ್ ಎಂಬ ಗಾಯಕಿ, ಲಮ್ಲಿ ಎಂಬಾತನ ನಾಟಕಶಾಲೆಯಲ್ಲಿ ಮೂರು ತಿಂಗಳು, ವಾರಕ್ಕೆ ಎರಡು ರಾತ್ರಿ ಹಾಡುವುದಾಗಿಯೂ ಬೇರೆಲ್ಲಿಯೂ ಹಾಡುವುದಿಲ್ಲವೆಂದೂ ಒಪ್ಪಿದ್ದಳು. ಇನ್ನೊಬ್ಬನು ಹೆಚ್ಚು ಹಣ ಕೊಡುವೆನೆಂದಾಗ ಆ ಕಡೆ ಹೊರಟಳು. ನ್ಯಾಯಾಧಿಪತಿ ಲಾರ್ಡ್ ಸೇಂಟ್ ಲೆನರ್ಡ್ಸ್, ಹಾಡೆಂದು ಒತ್ತಾಯಿಸುವ ಶಕ್ತಿ ನ್ಯಾಯಾಲಯಕ್ಕಿಲ್ಲ, ಬೇರೆಲ್ಲಿಯೂ ಹಾಡಬೇಡವೆಂದು ತಡೆಯುವ ಶಕ್ತಿಯುಂಟು ಎಂದು ತೀರ್ಪಿತ್ತನು. ಅಂದಿನಿಂದ ಇದು ಆಂಗ್ಲ ನ್ಯಾಯದ ಸ್ಥಿರವಾಕ್ಯ. ಭಾರತದ 1877ರ ವಿಶಿಷ್ಟ ಪರಿಹಾರ ಕಾನೂನಿನಲ್ಲಿಯೂ ಇದನ್ನೇ ಉದಾಹರಣೆಯಾಗಿ ಬರೆದಿದ್ದರು. ಹನ್ನೆರಡು ತಿಂಗಳು ಒಬ್ಬನ ನಾಟಕಶಾಲೆಯಲ್ಲಿ ಹಾಡಲೊಪ್ಪಿದ ವ್ಯಕ್ತಿಯ ಆ ದೃಷ್ಟಾಂತವನ್ನು ಜಿಲ್ಲೆಯ ಹಿರಿಯ ವಕೀಲರು ಬಲ್ಲರು. ಅದೇ ನಿಯಮ 1963ರ ಕಾನೂನಿನ 42ನೆಯ ಕಲಮಿನಲ್ಲಿ ಉಳಿದುಬಂದಿದೆ. ಮೂರು ತಿಂಗಳ ಮಟ್ಟಿಗೆ ಈ ನಿಯಮ ನ್ಯಾಯವೇ ಸರಿ. ನಾಟಕಶಾಲೆಯವನು ಟಿಕೆಟು ಮಾರಿ, ದೀಪ ಹಚ್ಚಿ ಕುಳಿತಿರುತ್ತಾನೆ. ಆದರೆ ಮೂರು ತಿಂಗಳಿಗಾಗಿ ಹೊಲಿದ ಅಂಗಿಯನ್ನು ಹದಿನೆಂಟು ವರ್ಷಕ್ಕೆ ತೊಡಿಸಿದರೆ ಅದು ಅಂಗಿಯಾಗಿ ಉಳಿಯುವುದಿಲ್ಲ. ಹಾಡಲೊಲ್ಲದ ಕಡೆ ಹಾಡೆಂದು ಒತ್ತಾಯಿಸುವುದಕ್ಕೂ, ಅಲ್ಲಿ ಹಾಡದಿದ್ದರೆ ಜೀವನವೆಲ್ಲ ಮೂಕಳಾಗಿರೆಂದು ವಿಧಿಸುವುದಕ್ಕೂ ವ್ಯತ್ಯಾಸವನ್ನು ಕಾಣಬಲ್ಲ ಸೂಕ್ಷ್ಮದೃಷ್ಟಿ ವಕೀಲಿ ವೃತ್ತಿಗೇ ಮೀಸಲಾದುದು.

ಅವಧಿಗೆ ಮಿತಿಯಿಡಬೇಕೆಂಬ ವಿಚಾರ ಹೊಸದೇನಲ್ಲ. ಕ್ಯಾಲಿಫೋರ್ನಿಯದಲ್ಲಿಯೇ ಅದು ಗೆದ್ದಿತ್ತು. ಚಲಚ್ಚಿತ್ರ ನಟಿ ಒಲಿವಿಯ ಡಿ ಹ್ಯಾವಿಲೆಂಡ್ ಏಳು ವರ್ಷದ ಕರಾರನ್ನು ಮುಗಿಸಿದಾಗ, ಒಲ್ಲದ ಪಾತ್ರಗಳನ್ನು ಬೇಡವೆಂದು ಕುಳಿತ ದಿನಗಳನ್ನೆಲ್ಲ ಕೂಡಿಸಿ ಅವಧಿಯ ತುದಿಗೆ ಅಂಟಿಸಲು ವಾರ್ನರ್ ಕಂಪನಿ ನೋಡಿತು. ಏಳು ವರ್ಷವೆಂದರೆ ಪಂಚಾಂಗದ ಏಳು ವರ್ಷವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವು 1944ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಆ ನಟಿ 104 ವರ್ಷ ಬದುಕಿ 2020ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಆ ನ್ಯಾಯಕ್ಕೆ ಮಾತ್ರ ಅಷ್ಟು ಆಯುಸ್ಸು ದೊರೆಯಲಿಲ್ಲ. 1987ರಲ್ಲಿ ಧ್ವನಿಮುದ್ರಣ ಕಂಪನಿಗಳು ಶಾಸನಸಭೆಯಿಂದ ಒಂದು ಉಪವಿಧಿಯನ್ನು ಸೇರಿಸಿಕೊಂಡವು. ಅದರಂತೆ ಏಳು ವರ್ಷ ಕಳೆದು ಹಾಡುಗಾರನು ಹೊರಟರೆ, ಒಪ್ಪಿಸದೆ ಉಳಿದ ಆಲ್ಬಂಗಳಿಗೆ ನಷ್ಟಪರಿಹಾರ ಕೇಳುವ ಹಕ್ಕು ಕಂಪನಿಗಿದೆ. ನಟನಿಗೆ ಬಾಗಿಲು ತೆರೆದಿದೆ, ಕುಸ್ತಿಯವನಿಗೆ ತೆರೆದಿದೆ, ಹಾಡುವವರಿಗೆ ಮಾತ್ರ ಬಾಗಿಲಲ್ಲಿ ಸುಂಕದಕಟ್ಟೆ. ಹೋಲ್ ಎಂಬ ರಾಕ್ ಮೇಳದ ಕೋರ್ಟ್ನಿ ಲವ್ ಈ ಉಪವಿಧಿಯ ಮೇಲೆಯೇ ಕಂಪನಿಯೊಡನೆ ಕಾದಾಡಿದಳು, 2001ರಲ್ಲಿ ಸಂಸ್ಥಾನದ ಶಾಸನಸಭೆಯ ಸಮಿತಿ ಹಾಡುಗಾರರ ಅಹವಾಲನ್ನು ಕೇಳಿತು, ಮಸೂದೆ ಬಿದ್ದುಹೋಯಿತು. ಮತ್ತೊಂದು ಮಸೂದೆ 2022ರಲ್ಲಿ ಬಿದ್ದಿತು.

ಇಂಗ್ಲೆಂಡಿನ ನ್ಯಾಯಾಲಯಗಳು ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ನಿಷ್ಠುರವಾಗಿ ಕಾಗದವನ್ನು ಓದಿವೆ. 1966ರಲ್ಲಿ, 21 ವರ್ಷದ ಹಾಡುಕಟ್ಟುಗಾರ ಟೋನಿ ಮೆಕಾಲೆ ಒಪ್ಪಿದ ಕರಾರು ಐದು ವರ್ಷದ್ದು. ಹಾಡುಗಳು ಚೆನ್ನಾಗಿ ಸಂಪಾದಿಸಿದರೆ ತಾನಾಗಿಯೇ ಹತ್ತು ವರ್ಷವಾಗತಕ್ಕದ್ದು. ಅವನು ಬರೆದುದೆಲ್ಲ ಪ್ರಕಾಶಕರ ಸ್ವತ್ತು. ಪ್ರಕಟಿಸುವ ಹೊಣೆ ಮಾತ್ರ ಪ್ರಕಾಶಕರ ಮೇಲಿಲ್ಲ. ಇದು ವೃತ್ತಿಯನ್ನು ಅನ್ಯಾಯವಾಗಿ ನಿರ್ಬಂಧಿಸುವ ಕರಾರೆಂದು ಹೌಸ್ ಆಫ್ ಲಾರ್ಡ್ಸ್ 1974ರಲ್ಲಿ ತೀರ್ಮಾನಿಸಿತು. ಇದೇ ಬಗೆಯ ತರ್ಕದಿಂದ ಸ್ಟೋನ್ ರೋಸಸ್ ಎಂಬ ರಾಕ್ ಮೇಳ 1991ರಲ್ಲಿ ಬಿಡುಗಡೆ ಪಡೆಯಿತು. ಜಾರ್ಜ್ ಮೈಕೇಲ್ ಮಾತ್ರ 1994ರಲ್ಲಿ ಸೋತನು. ಆತನು ಹೆಸರು ಗಳಿಸಿದ ಮೇಲೆ ಒಳ್ಳೆಯ ವಕೀಲರನ್ನು ಪಕ್ಕದಲ್ಲಿಟ್ಟುಕೊಂಡೇ ಕರಾರನ್ನು ಹೊಸದಾಗಿ ಮಾಡಿಕೊಂಡಿದ್ದನು. ಬಲಿಷ್ಠನೂ ಬಲಿಷ್ಠನೂ ಕೂಡಿ ಮಾಡಿಕೊಂಡ ಒಪ್ಪಂದಕ್ಕೂ, ಹಸಿದ ಹುಡುಗನು ಎದುರು ಕುಳಿತವನ ಪೆನ್ನಿನಿಂದಲೇ ಹಾಕಿದ ಸಹಿಗೂ ಅಲ್ಲಿನ ನ್ಯಾಯ ಭೇದ ಮಾಡುತ್ತದೆ.

ಅಮೆರಿಕದಲ್ಲಿ 2022ರಲ್ಲಿ ಎರಡು ಶಾಸನಗಳು ಬಂದುವು. ಕಿರುಕುಳದ ದೂರನ್ನು ಗುಟ್ಟಿನ ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದೆಂಬ ಮುಂಚಿನ ಕರಾರು ದೂರಿತ್ತವರನ್ನು ಕಟ್ಟಿಹಾಕಲಾರದೆಂದು ಒಂದು. ಮುಂದೆ ಹುಟ್ಟಬಹುದಾದ ದೂರಿನ ಬಗೆಗೆ ಮೊದಲೇ ಬರೆಸಿಕೊಂಡ ಬಾಯಿಮುಚ್ಚಳಿಕೆ ನಡೆಯದೆಂದು ಇನ್ನೊಂದು. ಎರಡೂ ಒಳ್ಳೆಯವೇ. ಆದರೆ ಬಾಯಿಗೆ ತುರುಕಿದ ಬಟ್ಟೆಯನ್ನು ತೆಗೆದ ಶಾಸನಕರ್ತರು ಕೈಗೆ ಬಿಗಿದ ಹಗ್ಗವನ್ನು ನೋಡಲಿಲ್ಲ. ಹಾಡುಗಾರ್ತಿಯನ್ನು ಅಲ್ಲಿ ಬಹುಮಟ್ಟಿಗೆ ನೌಕರಳೆಂದು ಎಣಿಸುವುದಿಲ್ಲ, ಸ್ವತಂತ್ರ ಗುತ್ತಿಗೆದಾರಳೆಂದು ಎಣಿಸುತ್ತಾರೆ. ನೌಕರರಿಗಿರುವ ಕಿರುಕುಳವಿರೋಧಿ ರಕ್ಷಣೆ ಆದಕಾರಣ ಅವಳಿಗೆ ಸುಲಭವಾಗಿ ದಕ್ಕುವುದಿಲ್ಲ. ದುಡಿಯುವಾಗ ಪರಾಧೀನೆ, ದೂರುವಾಗ ಸ್ವತಂತ್ರೆ. (ಭಾರತದ 2013ರ ಕಾನೂನು ಈ ಮಟ್ಟಿಗೆ ಮೇಲು, ನೊಂದವಳು ನೌಕರಳಾಗಿರಲಿ ಇಲ್ಲದಿರಲಿ ದೂರು ಕೊಡಬಹುದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ, ಮತ್ತು ಹತ್ತು ಜನಕ್ಕಿಂತ ಕಡಿಮೆಯಿರುವ ಕೆಲಸದ ಜಾಗಗಳಿಗಾಗಿ ಜಿಲ್ಲೆಗೊಂದು ಸಮಿತಿಯನ್ನು ವಿಧಿಸುತ್ತದೆ. ತಮ್ಮ ಜಿಲ್ಲೆಯ ಆ ಸಮಿತಿಯಲ್ಲಿ ಯಾರಿದ್ದಾರೆಂಬುದನ್ನು ಮನೆಯ ಹಿರಿಯರು ಒಮ್ಮೆ ವಿಚಾರಿಸಿ ನೋಡಬಹುದು.)

ಕಂಪನಿಗಳ ವಕೀಲರು ಕೊನೆಯದಾಗಿ ಒಂದು ಮಾತು ಹೇಳುತ್ತಾರೆ. ಹತ್ತು ಮೇಳಗಳ ಮೇಲೆ ಹಣ ಸುರಿದರೆ ಒಂಬತ್ತು ಮುಳುಗುತ್ತವೆ, ತೇಲಿದ ಒಂದನ್ನು ಬಹುಕಾಲ ಹಿಡಿದಿಟ್ಟುಕೊಳ್ಳದಿದ್ದರೆ ವ್ಯಾಪಾರವೇ ಮುಳುಗುತ್ತದೆ, ಎಂದು. ವ್ಯಾಪಾರದಲ್ಲಿ ನಷ್ಟದ ಭಯ ನಿಜವಾದುದೇ. ಆದರೆ 1944ರಲ್ಲಿ ಚಲಚ್ಚಿತ್ರದ ಕಂಪನಿಗಳಿಗೂ ಇದೇ ಭಯವಿತ್ತು. ನಟಿ ಹೊರಟುಹೋದಳು, ಬೇರೆ ಕಂಪನಿಗಳ ಚಿತ್ರಗಳಲ್ಲಿ ನಟಿಸಿ ಎರಡು ಸಲ ಆಸ್ಕರ್ ಪಾರಿತೋಷಕ ಪಡೆದಳು, ವಾರ್ನರ್ ಕಂಪನಿಯೂ ಮುಳುಗಲಿಲ್ಲ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಪಂಚಾಂಗದ ಲೆಕ್ಕದಲ್ಲಿ ಮುಗಿಯುವ ಕರಾರಿದ್ದಿದ್ದರೆ, 2014ರಲ್ಲಿ ಕೆಶಾ ನ್ಯಾಯಾಲಯಕ್ಕೆ ತಂದ ದೂರು ಬರಿಯ ದೂರಾಗಿರುತ್ತಿತ್ತು. ಕೇಳಿಕೊಳ್ಳುವುದಕ್ಕೆ ಬಿಡುಗಡೆಯೇ ಉಳಿದಿರುತ್ತಿರಲಿಲ್ಲವಾದುದರಿಂದ, ಬಿಡುಗಡೆಗಾಗಿ ಸುಳ್ಳು ಹೇಳಿದಳೆಂದು ಆತನ ವಕೀಲರು ವಾದಿಸುವಂತಿರಲಿಲ್ಲ. ಹಣಕ್ಕಾಗಿ ಹೆದರಿ ಅಲ್ಲಗಳೆದನೆಂದು ಅವಳ ಅಭಿಮಾನಿಗಳು ಕೂಗುವಂತಿರಲಿಲ್ಲ. ಆ ರಾತ್ರಿ ಏನು ನಡೆಯಿತೆಂಬ ಒಂದೇ ಪ್ರಶ್ನೆ ನ್ಯಾಯಾಲಯದ ಮುಂದೆ ನಿಲ್ಲುತ್ತಿತ್ತು.

ಕರಾರು ತೀರಿದ ಮೇಲೆ ಅವಳು ತನ್ನ ಹೆಸರಿನದೇ ಒಂದು ಕಂಪನಿಯನ್ನು ತೆರೆದು, ಅದರಿಂದ ತನ್ನ ಮೊದಲನೆಯ ಆಲ್ಬಂ ಅನ್ನು 2025ರ ಜುಲೈ 4ರಂದು ಹೊರತಂದಳು. ಅದು ಅಮೆರಿಕದವರು ಸ್ವಾತಂತ್ರ್ಯೋತ್ಸವವನ್ನು ಆಚರಿಸುವ ದಿನ. ಆಲ್ಬಂನ ಹೆಸರು ಪೂರ್ಣವಿರಾಮದ ಒಂದು ಚುಕ್ಕೆ.